ಶಾಸ್ತ್ರದಾನವೂ ಶಾಲೆಯ ಬಾಗಿಲೂ

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನವು ನಾಲ್ಕು ವಿಧವೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಇವುಗಳಲ್ಲಿ ಆಹಾರದಾನದ ಫಲ ಒಂದು ಹೊತ್ತಿನದು, ಔಷಧದಾನದ ಫಲ ಒಂದು ರೋಗದ ಮಟ್ಟಿನದು; ಶಾಸ್ತ್ರದಾನದ ಫಲವಾದರೋ ಕೊಟ್ಟವನ ಆಯುಷ್ಯವನ್ನೂ ಪಡೆದವನ ಆಯುಷ್ಯವನ್ನೂ ಮೀರಿ ನಿಲ್ಲತಕ್ಕದ್ದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕನ್ನಡ ನಾಡಿನಲ್ಲಿ ಈ ಮಾತು ಬಂದೊಡನೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ನಾಲಗೆಯ ಮೇಲೆ ಬರುತ್ತದೆ. ತಾಳೆಗರಿಯ ಮೇಲೆ ಒಂದೊಂದೇ ಅಕ್ಷರವನ್ನು ಕೊರೆಯಬೇಕಾಗಿದ್ದ ಕಾಲದಲ್ಲಿ ಆ ಮಹಾತಾಯಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ವರ್ಷಗಳು ಕಳೆದರೂ ನಾವು ಅದನ್ನು ಅಭಿಮಾನದಿಂದ ನೆನೆಯುತ್ತೇವೆ.

ಆದರೆ ಆ ಸಾವಿರ ಪ್ರತಿಗಳು ಸೇರಿದ್ದು ಓದಬಲ್ಲವರ ಕೈಯನ್ನು. ಓದಲು ಬಾರದವನ ಕೈಗೆ ಗ್ರಂಥವನ್ನಿತ್ತರೆ ಅದು ಶಾಸ್ತ್ರದಾನವಾದೀತೇ? ಅಂದು ದುರ್ಲಭವಾಗಿದ್ದುದು ಗ್ರಂಥ. ಇಂದು ಗ್ರಂಥ ಸುಲಭವಾಗಿದೆ. ಸರ್ಕಾರವೇ ಪಠ್ಯಪುಸ್ತಕವನ್ನು ಉಚಿತವಾಗಿ ಕೊಡುತ್ತದೆ. ದುರ್ಲಭವಾಗಿ ಉಳಿದಿರುವುದು ಓದುವ ಶಕ್ತಿ. ಗ್ರಾಮೀಣ ಭಾರತದ ಶಾಲೆಗಳ ಸ್ಥಿತಿಯನ್ನು ಅಳೆಯುವ ‘ಅಸರ್’ ವರದಿಯ 2024ರ ಸಂಚಿಕೆಯನ್ನು ನೋಡಿದರೆ, ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ನಾಲ್ವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಪುಸ್ತಕ ಕೈಯಲ್ಲಿದೆ, ಶಾಲೆಯಲ್ಲಿ ಹೆಸರೂ ಇದೆ, ಅಕ್ಷರ ಮಾತ್ರ ಒಲಿದಿಲ್ಲ. ಆದ್ದರಿಂದ ನಮ್ಮ ಕಾಲದ ಶಾಸ್ತ್ರದಾನ ಯಾವುದು, ಅದನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಶಾಲೆಗಳನ್ನು ನಡೆಸುವ ಸಮಾಜವೊಂದು ತನಗೆ ತಾನೇ ಕೇಳಿಕೊಳ್ಳುವುದು ಅವಶ್ಯವಾಗಿದೆ.

ಎರಡು ಬೀದಿಗಳ ಅಂತರ

ನಾವು ವಾಸಿಸುವ ದಕ್ಷಿಣ ಬೆಂಗಳೂರನ್ನೇ ನೋಡೋಣ. ಜಯನಗರದ ವಿಶಾಲ ರಸ್ತೆಗಳು, ಮರಗಳ ನೆರಳು, ಬ್ಲಾಕು ಬ್ಲಾಕಿಗೂ ಉದ್ಯಾನ ಮತ್ತು ಶಾಲೆ ಇವೆಲ್ಲ ಹೊರಗಿನಿಂದ ಬಂದವರಿಗೆ ಆದರ್ಶ ನಗರದ ಚಿತ್ರವನ್ನು ಕೊಡುತ್ತವೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ರಾಗಿಗುಡ್ಡವಿದೆ. ಗುಡ್ಡದ ಮೇಲೆ ಆಂಜನೇಯನ ಪ್ರಸಿದ್ಧ ದೇವಾಲಯ. ಅದರ ಮಗ್ಗುಲಲ್ಲಿ ಬಡ ಕುಟುಂಬಗಳ ದಟ್ಟ ವಸತಿ. 2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೋದ ಹಳದಿ ಮಾರ್ಗದಲ್ಲಿ ಆ ಹೆಸರಿನ ನಿಲ್ದಾಣವೂ ಆಗಿದೆ. ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರದ ಹೊರ ಹಂತಗಳು, ಬನಶಂಕರಿಯ ಆಚೆಯ ಹೊಸ ಬಡಾವಣೆಗಳಲ್ಲಿ ಮೇಲೇಳುವ ಪ್ರತಿಯೊಂದು ಕಟ್ಟಡದ ಬುಡದಲ್ಲಿಯೂ ತಗಡಿನ ಗುಡಿಸಲುಗಳ ಸಾಲೊಂದು ಇರುತ್ತದೆ. ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳಿಂದಲೂ ದೂರದ ರಾಜ್ಯಗಳಿಂದಲೂ ಬಂದವರು ಅಲ್ಲಿದ್ದಾರೆ. ಕಟ್ಟಡ ಮುಗಿದೊಡನೆ ಅವರ ಊರೂ ಬದಲಾಗುತ್ತದೆ, ಮಕ್ಕಳ ಶಾಲೆಯೂ ಬದಲಾಗುತ್ತದೆ ಅಥವಾ ನಿಂತೇ ಹೋಗುತ್ತದೆ.

2011ರ ಜನಗಣತಿಯ ಪ್ರಕಾರ ಏಳು ವರ್ಷ ಮೀರಿದ ಜೈನರಲ್ಲಿ ಸಾಕ್ಷರರು ನೂರಕ್ಕೆ 94ಕ್ಕೂ ಹೆಚ್ಚು. ದೇಶದ ಸರಾಸರಿ 74. ದೇಶದ ಪ್ರಮುಖ ಧಾರ್ಮಿಕ ಸಮುದಾಯಗಳಲ್ಲಿ ಇದು ಎಲ್ಲಕ್ಕಿಂತ ಮೇಲಿನ ಅಂಕಿ. ಇದನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ. ಹೆಮ್ಮೆ ಪಡುವುದರಲ್ಲಿ ದೋಷವಿಲ್ಲ. ಆದರೆ ಮನೆಯೊಳಗೆ ದೀಪ ಪ್ರಕಾಶಮಾನವಾಗಿ ಉರಿಯುತ್ತಿರುವಾಗ ಎರಡು ಬೀದಿಗಳಾಚೆಯ ಕತ್ತಲೆಯ ಬಗೆಗೆ ಮನೆಯವನಿಗೆ ಯಾವ ಹೊಣೆಯಿದೆ ಎಂಬ ಪ್ರಶ್ನೆಯನ್ನೂ ಅದೇ ಸಭೆಯಲ್ಲಿ ಎತ್ತಬೇಕಾಗುತ್ತದೆ.

ಒಂದು ತಪ್ಪಿನ ನೆನಪು

ಇಲ್ಲಿ ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ. ಶಿಕ್ಷಣ ಹಕ್ಕಿನ ಕಾಯಿದೆ ಬರುವುದಕ್ಕೆ ಮೊದಲಿನ ಮಾತು. ಶಾಲೆಯೊಂದರ ಪ್ರವೇಶ ಸಮಿತಿಯಲ್ಲಿ ನಾನೊಬ್ಬ ಸದಸ್ಯನಾಗಿದ್ದೆ. ಹೂ ಕಟ್ಟಿ ಮಾರುವ ತಾಯಿಯೊಬ್ಬಳು ಐದು ವರ್ಷದ ಮಗಳನ್ನು ಕರೆತಂದಿದ್ದಳು. ಸಮಿತಿಯವರು ಚಿತ್ರಗಳನ್ನು ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಮಗು ಬಾಯಿ ತೆರೆಯಲಿಲ್ಲ. ಅಂಕಿಗಳನ್ನು ಹೇಳೆಂದರೂ ಹೇಳಲಿಲ್ಲ. ‘ಸಿದ್ಧತೆ ಸಾಲದು’ ಎಂದು ಬರೆದ ಹಾಳೆಗೆ ಎಲ್ಲರೂ ಸಹಿ ಹಾಕಿದೆವು, ನಾನೂ ಹಾಕಿದೆ. ಕೆಲವು ದಿನಗಳ ಅನಂತರ ಮಾರುಕಟ್ಟೆಯಲ್ಲಿ ಅದೇ ಮಗುವನ್ನು ಕಂಡೆ. ತಾಯಿ ಬೇರೊಬ್ಬ ಗಿರಾಕಿಯೊಡನೆ ಮಾತಿನಲ್ಲಿದ್ದಳು. ಮಗು ತನ್ನ ಪುಟ್ಟ ತೋಳಿನಲ್ಲಿ ಮಾರು ಅಳೆಯಲಾಗದೆಂದು ಬಲ್ಲದ್ದರಿಂದ, ಮಣೆಯ ಮೇಲೆ ಗುರುತು ಮಾಡಿದ ಅಳತೆಗೆ ಹೂಮಾಲೆಯನ್ನು ಹಿಡಿದು, ಎರಡೂವರೆ ಮಾರು ಎಣಿಸಿ, ನಾನಿತ್ತ ನೋಟಿಗೆ ಸರಿಯಾದ ಚಿಲ್ಲರೆಯನ್ನು ಕೊಟ್ಟಿತು. ನನ್ನ ಮುಖವನ್ನು ಅದು ಗುರುತಿಸಲಿಲ್ಲ. ಗುರುತಿಸದಿದ್ದುದೇ ನನ್ನ ಪುಣ್ಯವೆಂದುಕೊಂಡೆ.

ನಾವು ಅಂದು ಪರೀಕ್ಷಿಸಿದ್ದು ಮಗುವಿನ ಬುದ್ಧಿಯನ್ನಲ್ಲ, ಅದರ ಮನೆಯಲ್ಲಿ ಇಂಗ್ಲಿಷ್ ಇದೆಯೋ ಇಲ್ಲವೋ ಎಂಬುದನ್ನು. ಇಂತಹ ಅನುಭವ ನನ್ನೊಬ್ಬನದಲ್ಲ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ನಡೆದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಆ ಮಕ್ಕಳು ವ್ಯಾಪಾರದ ಜಟಿಲ ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸುತ್ತಾರೆ, ಶಾಲೆಯ ಕ್ರಮದಲ್ಲಿ ಬರೆದ ಸರಳ ಲೆಕ್ಕದ ಮುಂದೆ ತಡವರಿಸುತ್ತಾರೆ. ಮಾರುಕಟ್ಟೆಯನ್ನರಿಯದ ಶಾಲಾ ಮಕ್ಕಳ ಸ್ಥಿತಿ ಇದಕ್ಕೆ ವಿಪರ್ಯಾಯವಾದುದು. ಇಬ್ಬರಲ್ಲಿಯೂ ಅರಿವಿದೆ; ಒಬ್ಬರ ಅರಿವಿಗೆ ಮಾತ್ರ ಶಾಲೆ ಅಂಕ ಕೊಡುತ್ತದೆ. ಅನೇಕಾಂತವನ್ನು ತತ್ತ್ವಗೋಷ್ಠಿಗಳಲ್ಲಿ ಎತ್ತಿ ಹಿಡಿಯುವ ನಾವು ಐದು ವರ್ಷದ ಮಗುವನ್ನು ಕುರಿತು ‘ಇದು ದಡ್ಡ’ ಎಂಬ ಏಕಾಂತ ನಿರ್ಣಯವನ್ನು ಹತ್ತು ನಿಮಿಷಗಳಲ್ಲಿ ಕೊಟ್ಟುಬಿಡುತ್ತೇವೆ. ಒಂದು ನಯದಿಂದ ಹಿಂದುಳಿದ ಮಗು ಇನ್ನೊಂದು ನಯದಿಂದ ಮುಂದಿರಬಹುದೆಂಬ ಎಚ್ಚರವು ಶಾಲೆಯ ಕೊಠಡಿಗಿಂತ ಹೆಚ್ಚಾಗಿ ಎಲ್ಲಿ ಬೇಕಾದೀತು?

ಕರ್ಮದ ನೆಪ

ಈ ವಿಷಯದಲ್ಲಿ ಕೆಲವು ಹಿರಿಯರು ಒಂದು ಮಾತನ್ನು ಹೇಳುವುದುಂಟು. ಬುದ್ಧಿಯ ಮಂದತೆಯಾಗಲಿ ವಿದ್ಯೆಗೆ ಅನುಕೂಲವಿಲ್ಲದ ಮನೆಯಲ್ಲಿ ಹುಟ್ಟುವುದಾಗಲಿ ಅವರವರ ಜ್ಞಾನಾವರಣೀಯ ಕರ್ಮದ ಫಲ. ಅದನ್ನು ತಪ್ಪಿಸಲು ನಾವಾರು ಎಂಬುದು ಆ ಮಾತು. ಇದು ಸಿದ್ಧಾಂತದ ಅರ್ಧವನ್ನು ಮಾತ್ರ ಹೇಳುತ್ತದೆ.

ಜ್ಞಾನಾವರಣವೆಂದರೆ ಆವರಣ, ಮುಸುಕು. ಮುಸುಕಿನೊಳಗಿರುವ ಆತ್ಮವು ಅನಂತಜ್ಞಾನದ ಶಕ್ತಿಯುಳ್ಳದ್ದೆಂಬುದೇ ಸಿದ್ಧಾಂತದ ಮೊದಲ ಮಾತು. ಮೋಡ ಕವಿದ ಸೂರ್ಯನನ್ನು ಯಾರೂ ಕತ್ತಲೆಯೆಂದು ಕರೆಯುವುದಿಲ್ಲ. ಆ ಆವರಣಕ್ಕೆ ಕ್ಷಯೋಪಶಮವುಂಟು, ಕ್ಷಯೋಪಶಮಕ್ಕೆ ನಿಮಿತ್ತಗಳುಂಟು. ಗುರು, ಗ್ರಂಥ, ಸಹಪಾಠಿ, ದೀಪ, ನಿರಾಕುಲವಾದ ಒಂದು ಗಂಟೆ ಇವೆಲ್ಲ ನಿಮಿತ್ತಗಳೇ. ನಿಮಿತ್ತವನ್ನು ಒದಗಿಸುವ ಶಕ್ತಿಯಿದ್ದವನು ಉಪಾದಾನದ ಕಡೆಗೆ ಬೆರಳು ತೋರಿಸಿ ಕುಳಿತರೆ ಅದು ತತ್ತ್ವವಲ್ಲ, ನೆಪ.

ಅಷ್ಟೇ ಅಲ್ಲ. ಜ್ಞಾನಾವರಣೀಯ ಕರ್ಮ ಬಂಧವಾಗುವುದು ಹೇಗೆಂಬುದನ್ನು ತತ್ತ್ವಾರ್ಥಸೂತ್ರಕಾರರು ಸ್ಪಷ್ಟವಾಗಿ ಎಣಿಸಿದ್ದಾರೆ. ಬಲ್ಲದ್ದನ್ನು ಬಚ್ಚಿಡುವುದು ಒಂದು ಕಾರಣ. ಇನ್ನೊಬ್ಬನು ತನಗೆ ಸಮನಾದಾನೆಂಬ ಮಾತ್ಸರ್ಯದಿಂದ ಕಲಿಸದಿರುವುದು ಇನ್ನೊಂದು. ಕಲಿಯುವವನಿಗೆ ಅಡ್ಡಿಯಾಗುವುದು ಮತ್ತೊಂದು. ಎಂದರೆ ಮಗುವಿನ ಆವರಣವನ್ನು ಕುರಿತು ಮಾತನಾಡುತ್ತ ಬಾಗಿಲು ಮುಚ್ಚಿದವನು ಅದೇ ಕ್ಷಣದಲ್ಲಿ ತನ್ನ ಆವರಣವನ್ನು ದಪ್ಪಗೊಳಿಸಿಕೊಳ್ಳುತ್ತಿರುತ್ತಾನೆ. ಪರರ ಕರ್ಮವನ್ನು ಓದುವ ಅಧಿಕಾರ ನಮಗಿಲ್ಲ. ನಮ್ಮ ಕರ್ಮವನ್ನು ಕಾಯುವ ಹೊಣೆ ಮಾತ್ರ ನಮ್ಮದು.

ನಮ್ಮ ಪರಂಪರೆಯಲ್ಲಿ ಶಿವಭೂತಿ ಮುನಿಯ ಕಥೆ ಪ್ರಸಿದ್ಧವಾದುದು. ಗುರು ಹೇಳಿಕೊಟ್ಟ ಎರಡು ಮಾತುಗಳನ್ನೂ ನೆಟ್ಟಗೆ ನೆನಪಿಟ್ಟುಕೊಳ್ಳಲಾರದ ಮುನಿ ಆತ. ಉದ್ದಿನ ಬೇಳೆಯಿಂದ ಹೊಟ್ಟನ್ನು ಬೇರ್ಪಡಿಸುವುದನ್ನು ಕಂಡು, ದೇಹ ಬೇರೆ ಆತ್ಮ ಬೇರೆ ಎಂಬ ಅರಿವು ಹೊಳೆದು ಆತನಿಗೆ ಕೇವಲಜ್ಞಾನವಾಯಿತೆಂದು ಪೂರ್ವಾಚಾರ್ಯರು ಹೇಳುತ್ತಾರೆ. ಕಂಠಪಾಠದಿಂದ ತೆರೆಯದ ಬಾಗಿಲು ಕಣ್ಣೆದುರಿನ ಕಾಳಿನಿಂದ ತೆರೆಯಿತು. ಇಂದಿನ ಪ್ರವೇಶ ಸಮಿತಿಗಳ ಮುಂದೆ ಬಂದಿದ್ದರೆ ಶಿವಭೂತಿಗೂ ‘ಸಿದ್ಧತೆ ಸಾಲದು’ ಎಂಬ ಹಾಳೆಯೇ ದೊರೆಯುತ್ತಿತ್ತೇನೋ.

ನಾಲ್ಕು ದತ್ತಿಗಳಲ್ಲಿ ನಮ್ಮದು ಯಾವುದು?

ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ವಿಭಾಗಿಸುತ್ತಾರೆ. ದೀನರಾದ ಜೀವಿಗಳಿಗೆ ಅನುಕಂಪದಿಂದ ಕೊಡುವುದು ದಯಾದತ್ತಿ. ತಪೋಧನರಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ. ತನಗೆ ಸಮಾನನಾದವನಿಗೆ ಗೌರವದಿಂದ ಕೊಡುವುದು ಸಮದತ್ತಿ. ತನ್ನ ವಂಶವನ್ನು ನಿಲ್ಲಿಸಲು ಮಗನಿಗೆ ಒಪ್ಪಿಸುವುದು ಅನ್ವಯದತ್ತಿ.

ಈ ನಾಲ್ಕರ ಬೆಳಕಿನಲ್ಲಿ ನಮ್ಮ ಶಾಲೆಗಳನ್ನು ನೋಡಿದರೆ ಒಂದು ಸತ್ಯ ಗೋಚರಿಸುತ್ತದೆ. ಶಿಲಾಫಲಕದ ಮೇಲೆ ‘ಜ್ಞಾನದಾನಾರ್ಥ’ ಎಂದು ಕೆತ್ತಿಸುತ್ತೇವೆ. ಆದರೆ ಒಳಗೆ ಕೂರುವವರು ಬಹುಪಾಲು ಶುಲ್ಕ ಕೊಡಬಲ್ಲ ನಮ್ಮವರ ಮತ್ತು ನಮ್ಮಂತಹವರ ಮಕ್ಕಳು. ಇದು ಅನ್ವಯದತ್ತಿ. ಅನ್ವಯದತ್ತಿಯೂ ದತ್ತಿಯೇ, ನಿಂದ್ಯವಲ್ಲ. ಆದರೆ ಅದನ್ನು ಶಾಸ್ತ್ರದಾನವೆಂದು ಕರೆಯುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತೇ ಎಂಬುದನ್ನು ಯೋಚಿಸಬೇಕು.

ಇನ್ನು ಕೆಲವು ಸಂಸ್ಥೆಗಳು ವರ್ಷಕ್ಕೊಮ್ಮೆ ಬಡ ಮಕ್ಕಳಿಗೆ ಪುಸ್ತಕ, ಚೀಲ, ಸಮವಸ್ತ್ರಗಳನ್ನು ಹಂಚುತ್ತವೆ. ಇದು ದಯಾದತ್ತಿ. ಅಲ್ಲಿ ಕೊಡುವವನು ವೇದಿಕೆಯ ಮೇಲೆ, ಪಡೆಯುವವನು ಸಾಲಿನಲ್ಲಿ. ಸಮನ್ವಯ ಶಿಕ್ಷಣವೆಂದು ಇಂದು ಕರೆಯಲಾಗುವ ಕ್ರಮವು ಇದಕ್ಕಿಂತ ಮುಂದಿನ ಹೆಜ್ಜೆಯನ್ನು ಕೇಳುತ್ತದೆ. ಬಡವನ ಮಗು, ಅಂಗವೈಕಲ್ಯವಿರುವ ಮಗು, ನಿಧಾನವಾಗಿ ಓದುವ ಮಗು, ಮನೆಯಲ್ಲಿ ಬೇರೆ ಭಾಷೆಯಾಡುವ ಮಗು ಇವರೆಲ್ಲ ಇತರರೊಂದಿಗೆ ಒಂದೇ ಬೆಂಚಿನ ಮೇಲೆ ಕುಳಿತು, ತಮಗೆ ಬೇಕಾದ ಹೆಚ್ಚಿನ ನೆರವನ್ನು ನಾಚಿಕೆಯಿಲ್ಲದೆ ಪಡೆದು ಕಲಿಯಬೇಕೆಂಬುದು ಅದರ ಸಾರ. ಸಮದತ್ತಿಯನ್ನು ಶಾಸ್ತ್ರವು ಕ್ರಿಯೆ, ಮಂತ್ರ, ವ್ರತಗಳಲ್ಲಿ ಸಮಾನರಾದವರಿಗೆ ಹೇಳಿದೆಯೆಂಬುದನ್ನು ನಾನು ಬಲ್ಲೆ. ಆದರೆ ಅಕ್ಷರದ ಮುಂದೆ ಕುಳಿತ ಎರಡು ಮಕ್ಕಳು ಜೀವತ್ವದಲ್ಲಿಯೂ ಜ್ಞಾನಶಕ್ತಿಯಲ್ಲಿಯೂ ಸಮಾನರೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆ ಅರ್ಥದಲ್ಲಿ ಶಾಲೆಯು ಸಮದತ್ತಿಯ ಸ್ಥಾನವಾಗಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ.

ಕಾನೂನಿನ ವಿನಾಯಿತಿ, ಧರ್ಮದ ಅವಕಾಶ

ಇದೀಗ ಪ್ರಶ್ನೆಯು ನಮ್ಮ ಟ್ರಸ್ಟುಗಳ ಮೇಜಿನ ಮೇಲೆಯೇ ಬಂದು ನಿಲ್ಲುತ್ತದೆ. 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯಿದೆಯು, ಖಾಸಗಿ ಅನುದಾನರಹಿತ ಶಾಲೆಗಳು ಪ್ರವೇಶ ತರಗತಿಯ ನೂರಕ್ಕೆ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದು ವಿಧಿಸಿತು. ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸುವುದನ್ನೂ ನಿಷೇಧಿಸಿತು. ಸುಪ್ರೀಂ ಕೋರ್ಟು 2012ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಅದೇ ವರ್ಷದ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಹೀಗೆ ನಾಲ್ಕು ತಿಂಗಳೊಳಗೆ ನಡೆದ ಎರಡು ಘಟನೆಗಳ ಫಲವಾಗಿ, ಅಲ್ಪಸಂಖ್ಯಾತ ಮಾನ್ಯತೆ ಪಡೆದ ಜೈನ ಶಾಲೆಗೆ ಆ 25ರ ಹೊಣೆಯಿಂದ ಬಿಡುಗಡೆ ದೊರೆಯುವಂತಾಯಿತು. 2021ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಪ್ರಕಟಿಸಿದ ವರದಿಯ ಪ್ರಕಾರ ದೇಶದ ಎಲ್ಲ ಅಲ್ಪಸಂಖ್ಯಾತ ಸಮುದಾಯಗಳ ಶಾಲೆಗಳನ್ನು ಒಟ್ಟಾಗಿ ನೋಡಿದರೆ, ಅವುಗಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಮಕ್ಕಳ ಪಾಲು ನೂರಕ್ಕೆ ಒಂಬತ್ತಕ್ಕಿಂತಲೂ ಕಡಿಮೆ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಪ್ರಮತಿ ತೀರ್ಪಿನ ಔಚಿತ್ಯವನ್ನೇ ಸಂದೇಹಿಸಿ, ವಿಷಯವು ದೊಡ್ಡ ಪೀಠದ ಮುಂದೆ ಹೋಗಬೇಕೆಂದು ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಿತು.

ಕರ್ನಾಟಕದಲ್ಲಿಯೂ 2019ರಿಂದ ಬಾಗಿಲು ಕಿರಿದಾಯಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಪ್ರವೇಶದ ಹೊಣೆಯಿಲ್ಲವೆಂದು ರಾಜ್ಯವು ನಿಯಮವನ್ನು ಬದಲಿಸಿತು. ಹೈಕೋರ್ಟು ಅದೇ ವರ್ಷ ಅದನ್ನು ಮಾನ್ಯ ಮಾಡಿತು. ಸರ್ಕಾರಿ ಶಾಲೆಯಿಲ್ಲದ ನೆರೆಹೊರೆ ನಗರದಲ್ಲಿ ವಿರಳವಾದುದರಿಂದ, ಬೆಂಗಳೂರಿನ ಬಡ ಮಗುವಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು.

ನ್ಯಾಯಾಲಯ ಮುಂದೆ ಏನು ಹೇಳುವುದೆಂಬುದು ವಕೀಲರ ವಿಷಯ. ನಮ್ಮ ಮುಂದಿರುವುದು ಬೇರೆ ಪ್ರಶ್ನೆ. ಕಾನೂನು ಬಲವಂತ ಮಾಡದಿದ್ದಾಗ ನಾವು ಏನು ಮಾಡುತ್ತೇವೆ? ಅಲ್ಪಸಂಖ್ಯಾತರ ಹಕ್ಕು ಸಣ್ಣ ಸಮುದಾಯವು ತನ್ನ ಭಾಷೆ, ಆಚಾರ, ಸಂಸ್ಕೃತಿಗಳನ್ನು ಉಳಿಸಿಕೊಳ್ಳಲೆಂದು ಕೊಟ್ಟ ಕವಚ. ಹೂ ಮಾರುವವಳ ಮಗಳು ಒಳಗೆ ಬಂದರೆ ನಮ್ಮ ಸಂಸ್ಕೃತಿಗೆ ಯಾವ ಅಪಾಯ? ಆಕೆಯಿಂದ ರಕ್ಷಿಸಿಕೊಳ್ಳಲು ಕವಚ ಬೇಕೇ?

ನನ್ನ ದೃಷ್ಟಿಯಲ್ಲಿ ವಿನಾಯಿತಿಯು ಧರ್ಮದ ಭಾರವನ್ನು ಇಳಿಸಲಿಲ್ಲ. ಧರ್ಮಕ್ಕೆ ಅವಕಾಶವನ್ನು ತೆರೆಯಿತು. ರಾಜಾಜ್ಞೆಗೆ ಹೆದರಿ ಕೊಟ್ಟದ್ದು ತೆರಿಗೆ, ದಾನವಲ್ಲ. ಅಣುವ್ರತವನ್ನು ಯಾರೂ ಶ್ರಾವಕನ ಮೇಲೆ ಹೇರುವುದಿಲ್ಲ, ಅವನೇ ಗುರುಸಾಕ್ಷಿಯಾಗಿ ಸ್ವೀಕರಿಸುತ್ತಾನೆ. ಹಾಗೆ ಸ್ವೀಕರಿಸಿದ್ದರಿಂದಲೇ ಅದಕ್ಕೆ ವ್ರತವೆಂದು ಹೆಸರು. ಕಾನೂನಿನಿಂದ ಬಿಡುಗಡೆ ಹೊಂದಿದ ಶಾಲೆಯು ತಾನಾಗಿ ಇಪ್ಪತ್ತೈದಲ್ಲದಿದ್ದರೆ ಹತ್ತು ಸ್ಥಾನಗಳನ್ನಾದರೂ ತೆರೆದಿಟ್ಟರೆ ಆ ಹತ್ತು ಮಾತ್ರವೇ ನಿಜವಾದ ಶಾಸ್ತ್ರದಾನ.

ಆಕ್ಷೇಪಗಳು

ಇದಕ್ಕೆ ಟ್ರಸ್ಟಿಗಳು ಹೇಳುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ಹಣ. ಶಿಕ್ಷಕರ ವೇತನ, ಕಟ್ಟಡ, ವಾಹನ ಎಲ್ಲವೂ ಶುಲ್ಕದಿಂದಲೇ ನಡೆಯಬೇಕಾದಾಗ ಉಚಿತ ಸ್ಥಾನದ ಭಾರ ಇತರ ಪಾಲಕರ ಮೇಲೆ ಬೀಳುತ್ತದೆ. ನಿಜ. ಆದರೆ ಪಂಚಕಲ್ಯಾಣಕ್ಕೆ, ಸಭಾಭವನದ ಅಮೃತಶಿಲೆಗೆ ದಾನಿಗಳು ದೊರೆಯುವ ಸಮಾಜದಲ್ಲಿ ಹತ್ತು ಮಕ್ಕಳ ಹತ್ತು ವರ್ಷಗಳ ವಿದ್ಯೆಗೆ ದಾನಿಗಳು ದೊರೆಯುವುದಿಲ್ಲವೆಂದರೆ, ಕೊರತೆಯಿರುವುದು ಹಣದಲ್ಲಲ್ಲ, ಕೇಳುವುದರಲ್ಲಿ.

ಎರಡನೆಯದು ತರಗತಿಯ ಮಟ್ಟ ಕುಸಿದೀತೆಂಬ ಪಾಲಕರ ಭಯ. ದೆಹಲಿಯ ಶ್ರೀಮಂತ ಶಾಲೆಗಳಲ್ಲಿ ಬಡ ಸಹಪಾಠಿಗಳು ಬಂದ ಅನಂತರ ಏನಾಯಿತೆಂಬುದನ್ನು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ್ದಾರೆ. ಉಳ್ಳವರ ಮಕ್ಕಳ ಹಿಂದಿ ಮತ್ತು ಗಣಿತದ ಅಂಕಗಳಿಗೆ ಧಕ್ಕೆ ಬರಲಿಲ್ಲ. ಇಂಗ್ಲಿಷಿನಲ್ಲಿ ಇಳಿಕೆ ಕಂಡಿತು, ಶಿಸ್ತಿನಲ್ಲಿಯೂ ಅಲ್ಪ ವ್ಯತ್ಯಾಸವಾಯಿತು. ಆದರೆ ಅದೇ ಮಕ್ಕಳು ಮೊದಲಿಗಿಂತ ಉದಾರಿಗಳಾದರು, ಬಡವರನ್ನು ಬೇರೆಯಾಗಿ ಕಾಣುವುದು ಕಡಿಮೆಯಾಯಿತು. ನಷ್ಟ ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪದೇಶಿಸಿಯೂ ಮೂಡಿಸಲಾಗದ ಮಾರ್ದವವನ್ನು ಪಕ್ಕದ ಬೆಂಚಿನ ಗೆಳೆಯ ಮೂಡಿಸುವುದಾದರೆ, ಕೆಲವು ಅಂಕಗಳ ಬೆಲೆ ಹೆಚ್ಚಾಯಿತೇ ಎಂದು ಮಾತ್ರ ಕೇಳುತ್ತೇನೆ. ಜ್ಞಾನವು ಹಂಚಿದರೆ ಕುಂದುವ ವಸ್ತುವಲ್ಲ. ಹಂಚಿದರೆ ಕುಂದುವುದು ಸ್ಥಾನ, ದರ್ಜೆ, ಮೊದಲಿಗನೆಂಬ ಹೆಮ್ಮೆ. ನಾವು ಮಕ್ಕಳಿಗಾಗಿ ಕೂಡಿಡಲು ಹೊರಟಿರುವುದು ಜ್ಞಾನವನ್ನೋ ಆ ಹೆಮ್ಮೆಯನ್ನೋ ಎಂಬುದು ಅಪರಿಗ್ರಹದ ಪ್ರಶ್ನೆ.

ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು. ‘ಸೇರಿಸಿಕೊಂಡರೂ ಆ ಮಕ್ಕಳು ನಿಲ್ಲುವುದಿಲ್ಲ, ಹಿಂದೆ ಬಿದ್ದು ನೊಂದುಕೊಳ್ಳುತ್ತಾರೆ’ ಎಂಬುದು. ಪ್ರವೇಶ ಕೊಟ್ಟು ಕೈಬಿಟ್ಟರೆ ಈ ಮಾತು ನಿಜವೇ ಆಗುತ್ತದೆ.

ಬಾಗಿಲ ಒಳಗಿನ ಕೆಲಸ

ಕಲಿಕೆಯ ಅಂತರವನ್ನು ತುಂಬುವ ದಾರಿ ಹೊಸದಾಗಿ ಕಂಡುಹಿಡಿಯಬೇಕಾದುದೇನಲ್ಲ. 1995ರ ಸುಮಾರಿನಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ‘ನಲಿ-ಕಲಿ’ಯನ್ನು ಆರಂಭಿಸಿದರು. ಋಷಿವ್ಯಾಲಿಯ ಪ್ರಯೋಗದಿಂದ ಅವರು ಪ್ರೇರಣೆ ಪಡೆದಿದ್ದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಮಗು ತನ್ನ ವೇಗದಲ್ಲಿ ಏರುವಂತೆಯೂ, ಗೈರುಹಾಜರಾದ ಮಗು ಬಿಟ್ಟಲ್ಲಿಂದಲೇ ಮುಂದುವರಿಯುವಂತೆಯೂ ಮಾಡಿದ ಕ್ರಮವದು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಮುಂಬಯಿ, ವಡೋದರಾಗಳಲ್ಲಿ ‘ಪ್ರಥಮ್’ ಸಂಸ್ಥೆಯು ಹಿಂದುಳಿದ ಮಕ್ಕಳನ್ನು ಅವರಿರುವ ಮಟ್ಟದಿಂದಲೇ ಕಲಿಸಲು ಸ್ಥಳೀಯ ತರುಣಿಯರನ್ನು ನೇಮಿಸಿದಾಗ, ಮಕ್ಕಳು ಗಮನಾರ್ಹವಾಗಿ ಮುಂದೆ ಬಂದರು. ಆ ಪ್ರಯೋಗವನ್ನು ಪರೀಕ್ಷಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡಫ್ಲೊ ಮುಂದೆ 2019ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ, ಮೊಬೈಲು ಇದ್ದವರು ಕಲಿತು ಇಲ್ಲದವರು ಮರೆತ ಅನಂತರ ಕರ್ನಾಟಕ ಸರ್ಕಾರ 2022-23ನ್ನು ‘ಕಲಿಕಾ ಚೇತರಿಕೆ’ಯ ವರ್ಷವನ್ನಾಗಿ ನಡೆಸಿದುದಕ್ಕೂ ಇದೇ ತತ್ತ್ವವೇ ಆಧಾರ. ಪುಸ್ತಕ ಇರುವಲ್ಲಿಗೆ ಮಗುವನ್ನು ಎಳೆಯದೆ, ಮಗು ಇರುವಲ್ಲಿಗೆ ಪಾಠ ಹೋಗಬೇಕು.

ಇನ್ನು ಕೆಲವು ಮಕ್ಕಳ ತೊಡಕು ಬಡತನದಿಂದ ಬಂದುದಲ್ಲ. ಅಕ್ಷರಗಳು ಕಣ್ಣಮುಂದೆ ಸ್ಥಾನ ಬದಲಿಸುವ, ಓದುವುದರಲ್ಲಿ ಮಾತ್ರ ತಡವರಿಸುವ ಬುದ್ಧಿವಂತ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಇವರ ಹೆಸರಿರಲಿಲ್ಲ. 2016ರ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ವಿಧಗಳಲ್ಲಿ ಒಂದಾಗಿ ಗುರುತಿಸಿತು. ಇದನ್ನು ತಜ್ಞರಿಂದ ಪರೀಕ್ಷಿಸುವ ನಿಮ್ಹಾನ್ಸ್ ಸಂಸ್ಥೆ ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಯಲ್ಲಿದೆ. ಉಳ್ಳವರ ಮನೆಯ ಇಂತಹ ಮಗುವಿಗೆ ತಜ್ಞರು, ವಿಶೇಷ ಶಿಕ್ಷಕರು ದೊರೆಯುತ್ತಾರೆ. ಮನೆಗೆಲಸದವಳ ಮಗನಿಗೆ ಅದೇ ತೊಡಕು ಬಂದರೆ ಪೆಟ್ಟು ಮತ್ತು ‘ದಡ್ಡ’ನೆಂಬ ಬಿರುದು ದೊರೆಯುತ್ತವೆ.

ಸಂಜೆಯ ಗಂಟೆ

ಅಂತರವು ಹುಟ್ಟುವುದು ಶಾಲೆಯ ಹೊತ್ತಿನಲ್ಲಿ ಅಷ್ಟಾಗಿ ಅಲ್ಲ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ. ಒಂದು ಮಗುವಿಗೆ ಸಂಜೆ ಓದಿಸುವ ತಾಯಿ, ಮೇಜು, ಮೌನ ಇವೆ. ಇನ್ನೊಂದಕ್ಕೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸವಿದೆ. ಇದನ್ನು ಬಹಳ ಹಿಂದೆಯೇ ಅರಿತವರು ಕರ್ಮವೀರ ಭಾವೂರಾವ್ ಪಾಟೀಲರು. 1887ರಲ್ಲಿ ಕೊಲ್ಹಾಪುರದ ಸಮೀಪದ ಕುಂಭೋಜದಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಇವರು, ವಿದ್ಯಾರ್ಥಿಯಾಗಿದ್ದಾಗ ಅಸ್ಪೃಶ್ಯರೆನಿಸಿದ ಮಕ್ಕಳ ವಸತಿಗೃಹದ ಆರಂಭೋತ್ಸವಕ್ಕೆ ಹೋಗಿ ಬಂದು, ಶುದ್ಧಿಸ್ನಾನ ಮಾಡಲು ಒಪ್ಪದೆ ತಾವಿದ್ದ ಜೈನ ವಿದ್ಯಾರ್ಥಿನಿಲಯವನ್ನೇ ಬಿಡಬೇಕಾಯಿತು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರು ಬರಿಯ ಶಾಲೆಯನ್ನು ಕಟ್ಟಲಿಲ್ಲ, ವಸತಿಗೃಹವನ್ನು ಕಟ್ಟಿದರು. ಎಲ್ಲ ಜಾತಿಯ ಹುಡುಗರು ಅಲ್ಲಿ ಒಟ್ಟಿಗೆ ಅಡಿಗೆ ಮಾಡಿ, ಒಟ್ಟಿಗೆ ಉಂಡು, ಒಂದೇ ದೀಪದ ಕೆಳಗೆ ಓದಿದರು. ಮಕ್ಕಳ ಊಟಕ್ಕೆ ಹಣವಿಲ್ಲದಾಗ ಪತ್ನಿ ಲಕ್ಷ್ಮೀಬಾಯಿಯವರು ಮಾಂಗಲ್ಯವೂ ಸೇರಿದಂತೆ ಒಡವೆಗಳನ್ನು ಕೊಟ್ಟರು. ನಮ್ಮ ಸಮಾಜ ಹೊರಗೆ ಹಾಕಿದ ವಿದ್ಯಾರ್ಥಿಯೇ ನಮ್ಮ ಸಮಾಜದ ಹೆಸರನ್ನು ಲಕ್ಷಾಂತರ ಬಡವರ ಮನೆಗೆ ಒಯ್ದನೆಂಬುದು ಮರೆಯಬಾರದ ಪಾಠ.

ಬೆಂಗಳೂರಿನಲ್ಲಿಯೂ ಉದಾಹರಣೆಯಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಬಾಲಕನೊಬ್ಬ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದು, ಬಡ ವಿದ್ಯಾರ್ಥಿಗಳ ನಿಲಯದ ಆಶ್ರಯದಲ್ಲಿ ಓದಿದ. ಆತನೇ ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ವಾಸಿಸಿ, 2005ರಲ್ಲಿ ನಿಧನರಾದರು. ಒಂದು ಹಾಸಿಗೆ, ಎರಡು ಹೊತ್ತಿನ ಊಟ, ಓದಲು ಒಂದು ದೀಪ: ಇಷ್ಟರಲ್ಲಿ ಅಂತರ ತುಂಬಿತು.

ಆದ್ದರಿಂದ ಬಸದಿಗಳ, ಟ್ರಸ್ಟುಗಳ ಮುಂದೆ ಕೆಲವು ಸಲಹೆಗಳನ್ನು ಇರಿಸಬಯಸುತ್ತೇನೆ. ಶಾಲೆಯುಳ್ಳ ಪ್ರತಿಯೊಂದು ಟ್ರಸ್ಟು ಕೆಲವು ಸ್ಥಾನಗಳನ್ನು, ಚೀಲದಿಂದ ಪ್ರವಾಸದ ಶುಲ್ಕದವರೆಗಿನ ಪೂರ್ಣ ವೆಚ್ಚದೊಡನೆ, ನೆರೆಯ ಮಕ್ಕಳಿಗಾಗಿ ಸಂಕಲ್ಪಪೂರ್ವಕ ತೆರೆದಿಡಲಿ. ಆ ಮಕ್ಕಳು ಯಾರೆಂಬುದು ತರಗತಿಯಲ್ಲಿ ಯಾರಿಗೂ ತಿಳಿಯದಿರಲಿ. ಒಂದು ಶಾಲೆಗೆ ವಿಶೇಷ ಶಿಕ್ಷಕರೊಬ್ಬರ ವೇತನ ಭಾರವಾದರೆ ಮೂರು ಶಾಲೆಗಳು ಸೇರಿ ಒಬ್ಬರನ್ನು ನೇಮಿಸಿಕೊಳ್ಳಲಿ. ಶಾಲೆಯಿಲ್ಲದ ಬಸದಿಯಲ್ಲಿಯೂ ಸಭಾಭವನವಿರುತ್ತದೆ, ವರ್ಷದ ಬಹುಪಾಲು ಸಂಜೆ ಅದು ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ದೀಪ ಹಚ್ಚಿ, ಜಮಖಾನ ಹಾಸಿ, ನಿವೃತ್ತ ಶಿಕ್ಷಕರೂ ಕಾಲೇಜು ವಿದ್ಯಾರ್ಥಿಗಳೂ ನಮ್ಮ ಮಕ್ಕಳೂ ಬೀದಿಯಾಚೆಯ ಮಕ್ಕಳೂ ಒಟ್ಟಿಗೆ ಕೂರುವ ಒಂದು ಗಂಟೆ ನಡೆಯಲಿ. ಅಲ್ಲಿ ಮತಬೋಧನೆ ಬೇಡ, ಅಕ್ಷರ ಸಾಕು. ನಮ್ಮ ವಿದ್ಯಾರ್ಥಿವೇತನಗಳಲ್ಲಿ ಒಂದು ಪಾಲು ಸಮಾಜದ ಗಡಿಯನ್ನು ದಾಟಲಿ.

ಜೀವಿಗಳು ಪರಸ್ಪರ ಉಪಕಾರದಿಂದ ಬಾಳುವವೆಂಬ ಸೂತ್ರವನ್ನು ಜೈನ ಲಾಂಛನದ ಕೆಳಗೆ ಬರೆದುಕೊಂಡಿದ್ದೇವೆ. ಪರಸ್ಪರ ಎಂಬ ಪದದ ಅರ್ಥ ಒಂದು ಕಡೆಯಿಂದ ಪೂರ್ಣವಾಗುವುದಿಲ್ಲ. ಮಣೆಯ ಗುರುತಿಗೆ ಹೂಮಾಲೆಯನ್ನು ಹಿಡಿದು ಎರಡೂವರೆ ಮಾರು ಅಳೆದುಕೊಟ್ಟ ಆ ಮಗು ನನಗೆ ಒಂದು ಪಾಠವನ್ನಿತ್ತಿತು, ನಾನು ಅದಕ್ಕೆ ಏನನ್ನೂ ಕೊಡಲಿಲ್ಲ. ಆಕೆ ಈಗ ಎಲ್ಲಿದ್ದಾಳೋ ನಾನರಿಯೆ. ಆ ಋಣವನ್ನು ಆಕೆಗೆ ತೀರಿಸಲು ಸಾಧ್ಯವಿಲ್ಲ. ಆಕೆಯಂತೆ ಈ ಸಂಜೆ ಬಾಗಿಲ ಹೊರಗೆ ನಿಂತಿರುವ ಇನ್ನೊಂದು ಮಗುವಿಗೆ ತೀರಿಸಬಹುದು. ಬೀಗದ ಕೈ ನಮ್ಮ ಬಳಿಯಲ್ಲಿಯೇ ಇದೆ.